ಷಣ್ಮುಖಪ್ಪನ ಎಲ್.ಸಿ. ಪುಸ್ತಕ

ಕಡೂರಿನ ಆ ಟ್ರಸ್ಟ್ ಆಸ್ಪತ್ರೆಗೆ ಹೋಗಿ ಯಾವುದಾದರೂ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿ ನೋಡಿ. ಒಳಗಡೆ ಮಾರ್ಕರ್ ಪೆನ್ನಿನಲ್ಲಿ ‘ಷಣ್ಮುಖಪ್ಪ’ ಎಂದು ಬರೆದಿರುತ್ತದೆ, ಪಕ್ಕದಲ್ಲಿ ತಾರೀಖು. ಟ್ಯೂಬ್‌ಲೈಟಿನ ಪಟ್ಟಿಯ ಹಿಂದೆ, ಯುಪಿಎಸ್‌ನ ಹೊಟ್ಟೆಯೊಳಗೆ, ನೀರಿನ ಮೋಟಾರಿನ ಸ್ಟಾರ್ಟರ್ ಡಬ್ಬಿಯಲ್ಲಿ, ಎಲ್ಲ ಕಡೆ ಇದೇ ಕಥೆ. ಹೊಸದಾಗಿ ಸೇರಿದ ನರ್ಸುಗಳು ನೋಡಿ ಕಿಚಾಯಿಸುತ್ತಾರೆ. ‘ಏನ್ ಷಣ್ಮುಖಪ್ಪಣ್ಣ, ಆಸ್ಪತ್ರೆನೇ ನಿಮ್ ಹೆಸರಿಗೆ ಖಾತೆ ಮಾಡಿಸ್ಕೊಂಡ್ಬಿಟ್ರಾ?’

‘ಖಾತೆ ಅಲ್ಲ ಕಣವ್ವ. ನಾಳೆ ಇದು ಸುಟ್ಟೋದ್ರೆ ಯಾರನ್ನ ಬೈಬೇಕು ಅಂತ ಗೊತ್ತಿರ್ಲಿ ಅಂತ,’ ಎನ್ನುತ್ತಾನೆ ಅವನು. ಮುಖದಲ್ಲಿ ನಗು ಇರುವುದಿಲ್ಲ. ತಮಾಷೆಗೆ ಹೇಳಿದ ಮಾತಲ್ಲ ಅದು.

ಈ ಚಟ ಅವನಿಗೆ ಆಸ್ಪತ್ರೆಯಲ್ಲಿ ಅಂಟಿದ್ದಲ್ಲ. ಪಂಚನಹಳ್ಳಿಯ ಈ ಮನುಷ್ಯ ಐಟಿಐ ಮುಗಿಸಿ ಹದಿನಾರು ವರ್ಷ ಸಬ್‌ಸ್ಟೇಷನ್ ಒಂದರಲ್ಲಿ ಗುತ್ತಿಗೆ ಆಪರೇಟರಾಗಿದ್ದ. ಅಲ್ಲಿ ಕಲಿತದ್ದು ಒಂದೇ ಪಾಠ, ಆದರೆ ಗಟ್ಟಿಯಾಗಿ ಕಲಿತ. ಕಂಬ ಹತ್ತುವ ಲೈನ್‌ಮನ್ ಮೊದಲು ಸಬ್‌ಸ್ಟೇಷನ್ನಿಗೆ ಫೋನು ಮಾಡಿ, ತನ್ನ ಹೆಸರು ಹೇಳಿ, ಲೈನ್ ಕ್ಲಿಯರ್ ಕೇಳಬೇಕು. ಎಲ್.ಸಿ. ಎನ್ನುತ್ತಾರೆ ಅದಕ್ಕೆ. ಆಪರೇಟರು ದನಿಯ ಗುರುತು ಹಿಡಿದು, ಪುಸ್ತಕದಲ್ಲಿ ಹೆಸರು, ಹೊತ್ತು, ಕೆಲಸ ಇಷ್ಟನ್ನೂ ಬರೆದು, ಆಮೇಲೆ ಲೈನು ಆಫ್ ಮಾಡುತ್ತಾನೆ. ಕೆಲಸ ಮುಗಿದ ಮೇಲೆ ಅದೇ ಮನುಷ್ಯ ಎಲ್.ಸಿ. ವಾಪಸ್ ಕೊಡಬೇಕು. ಬೇರೆ ಯಾರು ಹೇಳಿದರೂ, ಊರಿನ ದೊಡ್ಡ ಮನುಷ್ಯನೇ ಹೇಳಿದರೂ, ಲೈನಿಗೆ ಕರೆಂಟು ಬಿಡುವಂತಿಲ್ಲ.

ದೊಡ್ಡ ಮನುಷ್ಯ ಹೇಳಿದ್ದೂ ಉಂಟು. ಒಂದು ಮಧ್ಯಾಹ್ನ ತೀರ್ಥಪ್ಪ ಎಂಬ ಲೈನ್‌ಮನ್ ಎಲ್.ಸಿ. ತೆಗೆದುಕೊಂಡು ಕಂಬ ಹತ್ತಿದ್ದ. ಅರ್ಧ ಗಂಟೆಯಾಗಿರಲಿಲ್ಲ, ತೋಟಕ್ಕೆ ನೀರು ಬಿಡುವ ಅವಸರದ ಗೌಡರೊಬ್ಬರು ಫೋನು ಮಾಡಿ, ‘ತೀರ್ಥ ಇಳಿದು ಹೋದ ಕಣೋ, ಲೈನ್ ಬಿಡೋ,’ ಎಂದರು. ಷಣ್ಮುಖಪ್ಪ ಬಿಡಲಿಲ್ಲ. ಕಾಲು ಗಂಟೆ ಅವನ ಅಪ್ಪ ಅಮ್ಮ ಎಲ್ಲರಿಗೂ ಮಂಗಳಾರತಿಯಾಯಿತು, ಆದರೂ ಬಿಡಲಿಲ್ಲ. ಇಳಿದು ಹೋದವನು ಬೇರೆ ಯಾರೋ. ತೀರ್ಥಪ್ಪ ಇನ್ನೂ ಮೇಲೆ ತಂತಿ ಹಿಡಿದುಕೊಂಡಿದ್ದ. ಇವತ್ತಿಗೂ ಕಡೂರು ಸಂತೆಯಲ್ಲಿ ತೀರ್ಥಪ್ಪ ಎದುರಾದರೆ ಷಣ್ಮುಖಪ್ಪನ ಕೈ ಹಿಡಿದುಕೊಂಡು ನಿಲ್ಲುತ್ತಾನೆ.

ಗುತ್ತಿಗೆ ಮುಗಿದ ಮೇಲೆ ಷಣ್ಮುಖಪ್ಪ ಆಸ್ಪತ್ರೆಗೆ ಎಲೆಕ್ಟ್ರಿಷಿಯನ್ ಆಗಿ ಬಂದ. ಬರುವಾಗ ಒಂದು ಉದ್ದನೆಯ ನೋಟ್‌ಬುಕ್ ಕೊಂಡು, ಗೀಟು ಹಾಕಿ, ಮೊದಲ ಪುಟದಲ್ಲಿ ‘ಎಲ್.ಸಿ. ಪುಸ್ತಕ’ ಎಂದು ಬರೆದ. ಯಾವ ಕೆಲಸ ಮುಟ್ಟಿದರೂ ಅದರಲ್ಲೊಂದು ಸಾಲು. ಆಮೇಲೆ ಕಂಪ್ಯೂಟರುಗಳು ಬಂದವು, ಅವುಗಳ ತಂತಿ ಎಳೆಯುವ ಕೆಲಸವೂ ಇವನ ಕುತ್ತಿಗೆಗೇ ಬಿತ್ತು. ತರೀಕೆರೆ, ಅಜ್ಜಂಪುರಗಳಲ್ಲಿ ಟ್ರಸ್ಟಿನ ಚಿಕ್ಕ ಆಸ್ಪತ್ರೆಗಳು ತೆರೆದಾಗ ಸ್ವಿಚ್ಚುಗಳನ್ನು ಕೂರಿಸಿದವನೂ ಇವನೇ. ಸ್ವಿಚ್ ಅಂದರೆ ಗೋಡೆಯ ಮೇಲಿನ ದೀಪದ ಸ್ವಿಚ್ ಅಲ್ಲ ಮತ್ತೆ! ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ, ಇಪ್ಪತ್ನಾಲ್ಕು ತೂತುಗಳ ತಗಡಿನ ಪೆಟ್ಟಿಗೆ. ಯಾವ ತೂತಿನಿಂದ ಬಂದ ಮಾತು ಯಾವ ದಾರಿಗೆ ಹೋಗಬೇಕು ಎಂದು ಅದಕ್ಕೆ ಕಂಪ್ಯೂಟರಿನಿಂದ ಬರೆದು ಹೇಳಿಕೊಡಬೇಕು. ನಲವತ್ತು ದಾಟಿದ ಮೇಲೆ ಷಣ್ಮುಖಪ್ಪ ಅದನ್ನೂ ಕಲಿತ. ಇಂಗ್ಲಿಷ್ ತೊಡಕಾದಾಗ ರೆಕಾರ್ಡ್ ವಿಭಾಗದ ಹೇಮಶ್ರೀಯನ್ನು ಕೇಳುತ್ತಿದ್ದ. ಮಗಳ ವಯಸ್ಸಿನ ಹುಡುಗಿಯನ್ನು ಕೇಳಲು ಅವನಿಗೆ ನಾಚಿಕೆ ಇರಲಿಲ್ಲ.

ಈ ವರ್ಷ ಏಪ್ರಿಲ್‌ನ ಒಂದು ಸೋಮವಾರ ಅಜ್ಜಂಪುರದ ಲ್ಯಾಬಿನಿಂದ ರಕ್ತ ಪರೀಕ್ಷೆಯ ಒಂದು ವರದಿಯೂ ಕಡೂರಿಗೆ ಬರಲಿಲ್ಲ. ಕಡೂರಿನಲ್ಲಿ ಡಾಕ್ಟರು, ಅಲ್ಲಿ ರೋಗಿಗಳು, ನಡುವೆ ಏನೂ ಇಲ್ಲ. ಮಧ್ಯಾಹ್ನದವರೆಗೆ ಜನ ಬೆಂಚಿನ ಮೇಲೆ ಕೂತು ಕೂತು ಬೈದುಕೊಂಡು ಹೋದರು. ಷಣ್ಮುಖಪ್ಪ ಸ್ವಿಚ್ಚಿನೊಳಗೆ ನೋಡಿದ. ಲ್ಯಾಬಿನ ತಂತಿ ಇರುವ ಏಳನೆಯ ತೂತನ್ನು ಯಾರೋ ಬೇರೆ ದಾರಿಗೆ ಹಾಕಿಬಿಟ್ಟಿದ್ದರು. ಶನಿವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ. ಮಾಡಿದವರ ಹೆಸರು: ಅಡ್ಮಿನ್.

ಅಡ್ಮಿನ್ ಅಂದರೆ ಯಾರು? ಯಾರು ಬೇಕಾದರೂ. ಮೂರೂ ಊರಿನ ಸ್ವಿಚ್ಚುಗಳಿಗೆ ಅದೊಂದೇ ಹೆಸರು, ಒಂದೇ ಪಾಸ್‌ವರ್ಡ್, ಅದೂ ಆಸ್ಪತ್ರೆಯ ಲ್ಯಾಂಡ್‌ಲೈನ್ ನಂಬರು. ಗೊತ್ತಿದ್ದವರು ಏಳು ಜನ. ಷಣ್ಮುಖಪ್ಪ ತೂತನ್ನು ಸರಿಮಾಡಿ, ತನ್ನ ಪುಸ್ತಕದಲ್ಲಿ ಆ ಶನಿವಾರದ ಸಾಲು ಬರೆದ. ಹೊತ್ತು ಬರೆದ, ಕೆಲಸ ಬರೆದ. ಹೆಸರಿನ ಕಾಲಂ ಬಂದಾಗ ಪೆನ್ನು ನಿಂತಿತು. ಅಲ್ಲಿ ಖಾಲಿ ಬಿಟ್ಟ.

ಆಡಳಿತಾಧಿಕಾರಿ ದತ್ತಾತ್ರಿ ಅವನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ಟ್ರಸ್ಟಿನವರ ಕೈಲಿ ಆಗತಾನೇ ಚೆನ್ನಾಗಿ ಉಗಿಸಿಕೊಂಡು ಕೂತಿದ್ದರು.

‘ಶನಿವಾರ ಅಜ್ಜಂಪುರಕ್ಕೆ ಹೋಗಿದ್ದೋನು ನೀನೊಬ್ನೇ ಅಲ್ವೇನಪ್ಪಾ?’

‘ಹೋಗಿದ್ದೆ ಸಾರ್, ಮೋಟಾರ್ ರಿಪೇರಿಗೆ. ಮೂರು ಗಂಟೆಗೆಲ್ಲ ಬಸ್ ಹತ್ಬಿಟ್ಟಿದ್ದೆ. ಸ್ವಿಚ್ ಮುಟ್ಟಿಲ್ಲ. ಅದನ್ನ ಬದಲಾಯಿಸೋಕೆ ಅಲ್ಲಿಗೇ ಹೋಗ್ಬೇಕಂತಿಲ್ಲ, ಇಲ್ಲಿ ಕೂತ್ಕೊಂಡೂ ಮಾಡ್ಬೋದು.’

ದತ್ತಾತ್ರಿ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಖಾಲಿ ಕಾಲಂ ಮೇಲೆ ಬೆರಳಿಟ್ಟರು. ‘ಇಲ್ಲಿ ನಿನ್ನ ಹೆಸರು ಬರೆದು ಮುಗಿಸಪ್ಪಾ. ಕೈ ತಪ್ಪಿ ಆಯ್ತು ಅಂದ್ರೆ ಯಾರೂ ನೇಣು ಹಾಕಲ್ಲ. ಹೆಸರಿಲ್ಲ ಅಂದ್ರೆ ಮಾತ್ರ ಕಷ್ಟ. ಶನಿವಾರ ಕಮಿಟಿ ಇದೆ. ಈ ಕೆಲಸ ಹೊರಗಿನ ಕಂಪನಿಗೆ ಕೊಡೋಣ ಅಂತಿದ್ದಾರೆ. ನೀನು ಫ್ಯಾನು, ಮೋಟಾರು ನೋಡ್ಕೋ ಸಾಕು ಅಂತ.’

ಷಣ್ಮುಖಪ್ಪನಿಗೆ ಮೈಯೆಲ್ಲ ಉರಿಯಿತು. ಹದಿನಾರು ವರ್ಷದಲ್ಲಿ ಒಂದು ಸಾಲು ಸುಳ್ಳು ಬರೆದವನಲ್ಲ ಅವನು. ‘ಮಾಡ್ದೇ ಇರೋ ಕೆಲಸಕ್ಕೆ ಹೆಸರು ಹಾಕಲ್ಲ ಸಾರ್,’ ಎಂದ. ‘ಶುಕ್ರವಾರದವರೆಗೆ ಟೈಮ್ ಕೊಡಿ. ಇನ್ಮೇಲೆ ಯಾರು ಮುಟ್ಟಿದ್ರೂ ಅವರ ಹೆಸರೇ ಬೀಳೋ ಹಂಗೆ ಮಾಡ್ತೀನಿ. ಆಮೇಲೆ ಯಾರಿಗೆ ಬೇಕಾದ್ರೂ ಕೊಡಿ.’

ಹೊರಗೆ ಬಂದವನೇ ಹೇಮಶ್ರೀಯ ಮೇಜಿನ ಮುಂದೆ ನಿಂತ. ‘ತಾಯಿ, ನಮ್ಮೋರೆಲ್ಲ ಬೆಳಿಗ್ಗೆ ಕಂಪ್ಯೂಟರ್ ತೆಗೀವಾಗ ಅವರವರ ಹೆಸರು, ಪಾಸ್‌ವರ್ಡ್ ಹಾಕ್ತಾರಲ್ಲ, ಅದು ಸರಿಯೋ ತಪ್ಪೋ ಅಂತ ಹೇಳೋರು ಯಾರು?’

‘ಇಲ್ಲಿರೋ ಸರ್ವರ್ ಅಂಕಲ್. ತರೀಕೆರೇಲಿ ಅದರದ್ದೇ ಇನ್ನೊಂದಿದೆ, ಇದು ಕೆಟ್ರೆ ಅದು ನೋಡ್ಕೊಳ್ಳುತ್ತೆ.’

‘ಸ್ವಿಚ್ಚೂ ಅದನ್ನೇ ಕೇಳಂಗೆ ಮಾಡ್ಬೋದಾ?’

ಮಾಡಬಹುದಿತ್ತು. ಸ್ವಿಚ್ಚಿನೊಳಗೆ ಹೋಗಲು ಯಾರಾದರೂ ಬಂದರೆ ಅದು ತಾನೇ ತೀರ್ಮಾನಿಸದೆ ಕಡೂರಿನ ಸರ್ವರನ್ನು ಕೇಳುತ್ತದೆ: ಇಂಥವರು ಬಂದಿದ್ದಾರೆ, ಬಿಡಲೋ ಬೇಡವೋ? ಸರ್ವರು ಹೆಸರನ್ನು ನೋಡಿ ಹೇಳಿ, ಹೊತ್ತನ್ನೂ ಬರೆದಿಟ್ಟುಕೊಳ್ಳುತ್ತದೆ. ಕೇಳುತ್ತಿರುವುದು ನಮ್ಮ ಸ್ವಿಚ್ಚೇ ಎಂದು ಗೊತ್ತಾಗಲು ಇಬ್ಬರ ನಡುವೆ ಒಂದು ಗುಟ್ಟಿನ ಮಾತಿರುತ್ತದೆ, ಎರಡೂ ಕಡೆ ಒಂದಕ್ಷರ ತಪ್ಪದಂತೆ ಬರೆಯಬೇಕು. ಹೇಮಶ್ರೀ ಸ್ವಿಚ್ಚಿನ ಕಂಪನಿಯ ಇಂಗ್ಲಿಷ್ ಕೈಪಿಡಿಯಿಂದ ಇದನ್ನೆಲ್ಲ ಓದಿ ಹೇಳುತ್ತಿದ್ದರೆ ಷಣ್ಮುಖಪ್ಪ ತೊಡೆ ತಟ್ಟಿಕೊಂಡು ನಕ್ಕ. ‘ಇದು ಎಲ್.ಸಿ.ನೇ ಕಣವ್ವ! ಹದಿನಾರು ವರ್ಷ ನಾನು ಮಾಡಿದ್ದು ಇದನ್ನೇ. ಆ ಸರ್ವರ್ ಇದೆಯಲ್ಲ, ಅದು ನಾನೇ!’

ಹೇಮಶ್ರೀಗೂ ಒಂದು ಕಡೆ ತೊಡಕಾಯಿತು. ಕಡೂರಿನದು ಬೇಡ ಅಂದರೆ ಸ್ವಿಚ್ಚು ತರೀಕೆರೆಯದನ್ನು ಕೇಳುತ್ತದೆಯೇ? ಷಣ್ಮುಖಪ್ಪನಿಗೆ ಕೈಪಿಡಿ ನೋಡುವ ಅಗತ್ಯವೇ ಬೀಳಲಿಲ್ಲ. ‘ಕೇಳಲ್ಲ, ಕೇಳಬಾರ್ದು. ಆಪರೇಟರ್ ಆಗಲ್ಲ ಅಂದ್ಮೇಲೆ ಮುಗೀತು, ಇನ್ನೊಬ್ಬನ ಹತ್ರ ಹೋಗಿ ಗೋಗರೆಯಂಗಿಲ್ಲ. ಫೋನೇ ಎತ್ತಲಿಲ್ಲ ಅಂದ್ರೆ ಆ ಮಾತು ಬೇರೆ. ಆಗ ಮಾತ್ರ ಮುಂದಿನೋನು.’ ಹುಡುಗಿ ಓದಿ ನೋಡಿದಳು. ಅಲ್ಲೂ ಹಾಗೇ ಇತ್ತು. ಅವಳು ಅವನನ್ನು ನೋಡಿದ ರೀತಿಗೆ ಷಣ್ಮುಖಪ್ಪ ಎರಡು ಅಂಗುಲ ಎತ್ತರವಾದ.

‘ಇಬ್ರೂ ಎತ್ತಲಿಲ್ಲ ಅಂದ್ರೆ ಅಂತ ಸ್ವಿಚ್ಚಿನೊಳಗೇ ಒಂದು ತುರ್ತು ಪಾಸ್‌ವರ್ಡ್ ಇಡಿ ಅಂತ ಬರೆದಿದ್ದಾರೆ ಅಂಕಲ್.’

‘ಬೇಡ. ಅದೇ ಮತ್ತೆ ಅಡ್ಮಿನ್ ಆಗುತ್ತೆ. ಆ ಹೆಸರಿಲ್ಲದೋನು ಸಾಯ್ಲಿ.’

ಮಂಗಳವಾರ ಕಡೂರಿನ ಸ್ವಿಚ್, ಬುಧವಾರ ತರೀಕೆರೆಯದು. ಎರಡೂ ಮೊದಲ ಏಟಿಗೇ ಸರಿಹೋದವು. ತರೀಕೆರೆಯಲ್ಲಿ ಅವನು ತನ್ನ ಹೆಸರು ಹಾಕಿ ಒಳಗೆ ಹೋದ ಕ್ಷಣಕ್ಕೆ ಕಡೂರಿನಲ್ಲಿ ಹೇಮಶ್ರೀಯ ಪರದೆಯ ಮೇಲೆ ‘ಷಣ್ಮುಖಪ್ಪ’ ಎಂದು ಬಿತ್ತು, ನಿಮಿಷ ಸೆಕೆಂಡಿನ ಸಮೇತ. ಅವಳು ಫೋನಿನಲ್ಲಿ ಓದಿ ಹೇಳಿದಾಗ ಅವನಿಗೆ ಇನ್ನೊಂದು ಸಲ ಓದಿಸಿಕೊಳ್ಳಬೇಕು ಅನ್ನಿಸಿತು. ಓದಿಸಿಕೊಂಡ.

ಮನೆಗೆ ಹೋದ ಮೇಲೂ ಅದೇ ವರ್ಣನೆ. ಹೆಂಡತಿ ಸುಲೋಚನಮ್ಮ ರೊಟ್ಟಿ ತಟ್ಟುತ್ತಾ ಕೇಳಿಸಿಕೊಂಡಳು. ‘ಆಯ್ತು ಬಿಡ್ರಿ, ಮರ ಹತ್ತಿದ್ದೀರ. ಕಾಯಿ ಕಿತ್ತ ಖುಷೀಲಿ ಕೈ ಬಿಟ್ಬಿಟ್ಟೀರ,’ ಎಂದಳು. ಅವಳ ಮೈದುನನೊಬ್ಬ ಹಾಗೇ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ.

ಗುರುವಾರ ಅಜ್ಜಂಪುರ. ಕೈ ಬಿಟ್ಟದ್ದು ಅಲ್ಲೇ.

ಇಂಥ ಕೆಲಸಕ್ಕೆ ಒಂದು ಕಟ್ಟುನಿಟ್ಟಿದೆ. ಸ್ವಿಚ್ಚಿನೊಳಗೆ ಬರೆಯಲು ಕಂಪ್ಯೂಟರಿನ ಪರದೆಯ ಮೇಲೆ ತೆರೆದ ಮೊದಲ ಕಿಟಕಿಯನ್ನು ಮುಚ್ಚಬಾರದು. ಎರಡನೆಯದನ್ನು ತೆರೆದು, ಹೊಸ ದಾರಿಯಿಂದ ಒಳಗೆ ಹೋಗಲು ಆಗುತ್ತದೆಯೇ ನೋಡಿ, ಆದ ಮೇಲೆ ಸೇವ್ ಮಾಡಿ, ಆಮೇಲೆ ಮುಚ್ಚಬೇಕು. ಕಡೂರು, ತರೀಕೆರೆಗಳಲ್ಲಿ ಹಾಗೇ ಮಾಡಿದ್ದ. ಅಜ್ಜಂಪುರದಲ್ಲಿ ಬೆರಳು ಓಡುತ್ತಿತ್ತು, ಮನಸ್ಸು ಆಗಲೇ ಶುಕ್ರವಾರ ದತ್ತಾತ್ರಿಯವರ ಮುಂದೆ ನಿಂತು ಭಾಷಣ ಮಾಡುತ್ತಿತ್ತು. ಕೊನೆಯ ಸಾಲು ಬರೆದವನೇ ಕಿಟಕಿ ಮುಚ್ಚಿಬಿಟ್ಟ. ಹೊಸದು ತೆರೆದು ತನ್ನ ಹೆಸರು, ಪಾಸ್‌ವರ್ಡ್ ಹಾಕಿದ. ಉತ್ತರವಿಲ್ಲ. ಇನ್ನೊಮ್ಮೆ ಹಾಕಿದ. ಬೇಡ ಅಂತಲೂ ಇಲ್ಲ, ಹೂಂ ಅಂತಲೂ ಇಲ್ಲ. ಅಯ್ಯೋ ಶಿವನೇ! ಒಳಗಿನ ತುರ್ತು ಪಾಸ್‌ವರ್ಡನ್ನು ತಾನೇ ಬೇಡ ಅಂದಿದ್ದ. ಮನೆಗೆ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟವನ ಹಾಗೆ ಹೊರಗುಳಿದ.

ಕಡೂರಿನಿಂದ ಹೇಮಶ್ರೀ ನೋಡಿ ಹೇಳಿದಳು. ‘ಅಂಕಲ್, ಯಾರೋ ಗೊತ್ತಿಲ್ಲದವರು ಕೇಳ್ತಿದ್ದಾರೆ ಅಂತ ಸರ್ವರ್ ಬರ್ಕೊಂಡಿದೆ. ಅಜ್ಜಂಪುರದ ಸ್ವಿಚ್ಚನ್ನ ನಾವು ಸರ್ವರಿನ ಪಟ್ಟಿಗೆ ಸೇರಿಸೇ ಇಲ್ಲ. ತರೀಕೆರೇದರಲ್ಲೂ ಇಲ್ಲ.’ ಗೊತ್ತಿಲ್ಲದ ದನಿ ಬಂದರೆ ಫೋನು ಇಟ್ಟುಬಿಡು ಎಂದು ಅವನೇ ಎಷ್ಟು ಜನ ಹೊಸ ಆಪರೇಟರುಗಳಿಗೆ ಹೇಳಿಕೊಟ್ಟಿದ್ದ! ಸರ್ವರು ತಪ್ಪು ಮಾಡಿರಲಿಲ್ಲ, ಅವನೇ ಮಾಡಿದ್ದ.

ಅವಳು ಎರಡೂ ಕಡೆ ಪಟ್ಟಿಗೆ ಸೇರಿಸಿದಳು. ಆದರೂ ಬಾಗಿಲು ತೆರೆಯಲಿಲ್ಲ. ಅವಸರದಲ್ಲಿ ಗುಟ್ಟಿನ ಮಾತಿನಲ್ಲೂ ಎಲ್ಲೋ ಒಂದಕ್ಷರ ತಪ್ಪಿ ಬರೆದಿರಬೇಕು, ಅದನ್ನು ತಿದ್ದಲು ಒಳಗೆ ಹೋಗಬೇಕು, ಒಳಗೆ ಹೋಗಲು ಆಗದು. ಉಳಿದದ್ದು ಒಂದೇ ದಾರಿ. ಇನ್ನೂ ಸೇವ್ ಮಾಡಿರಲಿಲ್ಲ, ಅಷ್ಟು ಪುಣ್ಯ. ಪ್ಲಗ್ ಕಿತ್ತು ಮತ್ತೆ ಹಾಕಿದರೆ ಸ್ವಿಚ್ಚು ಅವತ್ತು ಬರೆದದ್ದನ್ನೆಲ್ಲ ಮರೆತು ಹಳೆಯದಕ್ಕೆ ಬರುತ್ತದೆ. ಆದರೆ ಅಷ್ಟು ಹೊತ್ತು ಲ್ಯಾಬು ನಿಲ್ಲುತ್ತದೆ. ಅದೇ ಲ್ಯಾಬು, ಅದೇ ವಾರದಲ್ಲಿ ಎರಡನೆಯ ಸಲ, ಕಮಿಟಿಗೆ ಎರಡು ದಿನ ಮುಂಚೆ.

ಆಗ ದೂರದಲ್ಲಿ ಗುಡುಗಿತು. ಗುಡುಗಿದ್ದೇ ತಡ, ಅಟೆಂಡರ್ ಲಕ್ಕಣ್ಣ ಬಾಗಿಲಲ್ಲಿ ಪ್ರತ್ಯಕ್ಷನಾದ. ಗುಡುಗಿದರೆ ಮನೆಯ ಟಿವಿಯಿಂದ ಮಿಕ್ಸಿಯವರೆಗೆ ಎಲ್ಲದರ ಪ್ಲಗ್ ಕೀಳುವುದು ಈ ಕಡೆಯ ಪದ್ಧತಿ. ಲಕ್ಕಣ್ಣ ಅದನ್ನು ಆಸ್ಪತ್ರೆಗೂ ತಂದಿದ್ದ. ಷಣ್ಮುಖಪ್ಪ ಗಟ್ಟಿಯಾಗಿ ಅರ್ಥಿಂಗ್ ಮಾಡಿಸಿದ ಮೇಲೆ, ಸ್ವಿಚ್ಚಿನ ಪ್ಲಗ್ ಮುಟ್ಟಬೇಡ ಎಂದು ದತ್ತಾತ್ರಿ ನೋಟಿಸ್ ಅಂಟಿಸಿದ್ದರು. ಲಕ್ಕಣ್ಣನಿಗೆ ಆ ನೋಟಿಸಿಗಿಂತ ಗುಡುಗು ದೊಡ್ಡದು.

‘ಕೀಳ್ಲಾ?’ ಎಂದ. ಆಮೇಲೆ ಷಣ್ಮುಖಪ್ಪನ ಮುಖ ನೋಡಿದ. ‘ಯಾಕಣ್ಣ, ಏನಾಯ್ತು?’

ಷಣ್ಮುಖಪ್ಪ ಹೇಳಿದ. ಲಕ್ಕಣ್ಣ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ. ‘ಅದಕ್ಯಾಕಣ್ಣ ಇಷ್ಟು ಯೋಚ್ನೆ? ನಾನು ಕೀಳ್ತೀನಿ. ಗುಡುಗಿತು, ಕಿತ್ತೆ ಅಂತೀನಿ. ಯಾವಾಗ್ಲೂ ಬೈಸ್ಕೊಳ್ಳೋನೇ, ಇನ್ನೊಂದ್ಸಲ ಬೈಸ್ಕೋತೀನಿ. ರಿಟೈರ್ ಆಗೋಕೆ ಎರಡು ವರ್ಷ ಇರೋನಿಗೆ ಏನ್ ಮಾಡ್ತಾರೆ ಬಿಡು.’

ಸುಮ್ಮನೆ ನಿಂತಿದ್ದರೆ ಸಾಕಿತ್ತು. ಯಾವ ಸರ್ವರಿನಲ್ಲೂ ಈ ತಪ್ಪು ಅವನ ಹೆಸರಿಗೆ ಬಿದ್ದಿರಲಿಲ್ಲ. ಗೊತ್ತಿದ್ದವರು ಹೇಮಶ್ರೀ, ಲಕ್ಕಣ್ಣ ಇಬ್ಬರೇ. ಷಣ್ಮುಖಪ್ಪನಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಮೇಲೆ ಲಕ್ಕಣ್ಣನ ಕೈ ಪ್ಲಗ್ಗಿನ ಹತ್ತಿರ ಹೋದದ್ದು ಕಂಡಿತು.

‘ತೆಗಿ ಕೈ!’ ಎಂದು ಗದರಿದ. ‘ನಂದು ಎಲ್.ಸಿ. ಇದು. ನಾನು ತಗೊಂಡಿದ್ದು, ನಾನೇ ವಾಪಸ್ ಕೊಡ್ಬೇಕು.’

ಲ್ಯಾಬಿಗೆ ಹೋಗಿ, ಹೊರಟಿದ್ದ ಎರಡು ವರದಿಗಳು ಕಡೂರು ಮುಟ್ಟುವವರೆಗೆ ಕಾದ. ‘ಸ್ವಲ್ಪ ಹೊತ್ತು ನಿಲ್ಲುತ್ತೆ ಕಣವ್ವ, ತಪ್ಪು ನಂದು,’ ಎಂದು ಅಲ್ಲಿನ ಹುಡುಗಿಗೆ ಹೇಳಿ ಬಂದು ಪ್ಲಗ್ ಕಿತ್ತ. ಹನ್ನೊಂದು ನಿಮಿಷ. ಹಳೆಯದು ಎದ್ದು ಬಂದ ಮೇಲೆ ಮೊದಲಿನಿಂದ ಶುರುಮಾಡಿದ, ಈ ಸಲ ಗುಟ್ಟಿನ ಮಾತನ್ನು ಒಂದೊಂದೇ ಅಕ್ಷರವಾಗಿ ಹೇಮಶ್ರೀಗೆ ಓದಿ ಹೇಳುತ್ತಾ, ಎರಡು ಕಿಟಕಿ ತೆರೆದಿಟ್ಟುಕೊಂಡು. ಮೂರೂ ಊರಿನ ಸ್ವಿಚ್ಚಿಗೆ ಒಂದೊಂದು ತುರ್ತು ಪಾಸ್‌ವರ್ಡ್ ಕೂಡ ಇಟ್ಟ. ಅಜ್ಜಂಪುರದ್ದನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ, ಯಾರೂ ಗುಟ್ಟಾಗಿ ಒಡೆಯದಂತೆ ಅಂಟಿಸಿದ ಜಾಗದ ಮೇಲೆ ತಾನೂ ಸಹಿ ಮಾಡಿ ಲಕ್ಕಣ್ಣನ ಕೈಲೂ ಮಾಡಿಸಿದ. ಲಕ್ಕಣ್ಣ ಪೆನ್ನನ್ನು ಒತ್ತಿ ಹಿಡಿದು ಇನಿಷಿಯಲ್ ಸಮೇತ ಪೂರ್ತಿ ಹೆಸರು ಬರೆದ. ಕೆಲಸ ಮುಗಿದಾಗ ಮಳೆ ಶುರುವಾಗಿತ್ತು, ಪ್ಲಗ್ ಹಾಗೇ ಇತ್ತು.

ಶುಕ್ರವಾರ ಬೆಳಿಗ್ಗೆ ಷಣ್ಮುಖಪ್ಪ ಪುಸ್ತಕವನ್ನು ದತ್ತಾತ್ರಿಯವರ ಮೇಜಿನ ಮೇಲಿಟ್ಟು ನಿಂತ. ಅವರು ಗುರುವಾರದ ಸಾಲನ್ನು ಎರಡು ಸಲ ಓದಿದರು. ‘3.10ರಿಂದ 3.21. ಷಣ್ಮುಖಪ್ಪ. ಪರೀಕ್ಷೆ ಮಾಡದೆ ಕಿಟಕಿ ಮುಚ್ಚಿ ಹೊರಗುಳಿದೆ. ಸ್ವಿಚ್ ಆರಿಸಿ ಹಚ್ಚಿದೆ. ಲ್ಯಾಬ್ ಹನ್ನೊಂದು ನಿಮಿಷ ನಿಂತಿತ್ತು. ತಪ್ಪು ನನ್ನದು.’

‘ಗುಡುಗಿಗೆ ತಾನೇ ಕಿತ್ತೆ ಅಂತ ಲಕ್ಕಣ್ಣ ನಿನ್ನೆನೇ ಫೋನ್ ಮಾಡಿದ್ನಲ್ಲಪ್ಪಾ?’

‘ಒಳ್ಳೆ ಮನಸ್ಸಿಂದ ಹೇಳಿದ್ದಾನೆ ಸಾರ್. ಆದ್ರೂ ಸುಳ್ಳು. ಅವನ ಕೈ ನಾನೇ ತೆಗೆಸ್ದೆ.’

‘ಇದನ್ನ ನಾಳೆ ಕಮಿಟಿ ನೋಡಿದ್ರೆ ಕೆಲಸ ನಿನ್ನ ಕೈ ಬಿಟ್ಟು ಹೋಗುತ್ತೆ. ಗೊತ್ತಿದ್ದೂ ಬರೆದ್ಯಾ?’

‘ಹೋಗ್ಲಿ ಸಾರ್,’ ಎಂದ ಷಣ್ಮುಖಪ್ಪ. ‘ಇವತ್ತಿಂದ ಕಡೂರು, ತರೀಕೆರೆ, ಅಜ್ಜಂಪುರ, ಮೂರ್ ಕಡೇಲೂ ಹೆಸರು ಹೇಳ್ದೆ ಯಾರೂ ಒಳಗೆ ಹೋಗೋಕಾಗಲ್ಲ. ಅದನ್ನ ಕೂರಿಸ್ದೋನು ನಾನು. ನಾಳೆ ಯಾರೇ ಬರ್ಲಿ, ಅವರ ಹೆಸರೂ ಅದರಲ್ಲೇ ಬೀಳುತ್ತೆ. ನನಗಷ್ಟು ಸಾಕು.’

ದತ್ತಾತ್ರಿ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಪುಟವನ್ನು ಹಿಂದಕ್ಕೆ ತಿರುಗಿಸಿದರು. ಶನಿವಾರ, ನಾಲ್ಕೂ ಇಪ್ಪತ್ತು, ಏಳನೆಯ ತೂತು, ಖಾಲಿ ಕಾಲಂ.

‘ಅವತ್ತು ಮೀಟಿಂಗ್ ಹಾಲಿನ ಟಿವಿಗೆ ನೆಟ್ ಬರ್ತಿರ್ಲಿಲ್ಲ,’ ಎಂದರು ಪುಸ್ತಕದ ಮೇಲಿನ ಕಣ್ಣು ತೆಗೆಯದೆ. ‘ಏಳನೇ ತೂತಿನ ದಾರಿ ಬದಲಾಯಿಸಿ ಅಂತ ಟಿವಿ ಅಂಗಡಿಯವನು ಫೋನಲ್ಲಿ ಹೇಳ್ತಾ ಹೋದ, ನಾನು ಇಲ್ಲೇ ಕೂತು ಒತ್ತುತ್ತಾ ಹೋದೆ. ಕಡೂರಿನ ಸ್ವಿಚ್ ಅಂತ ಅಂದ್ಕೊಂಡಿದ್ದೆ. ಎಲ್ಲಾದಕ್ಕೂ ಒಂದೇ ಪಾಸ್‌ವರ್ಡ್, ನೋಡೋಕೆ ಎಲ್ಲಾ ಒಂದೇ ಥರ. ಅಜ್ಜಂಪುರದ್ದು ತೆಗ್ದಿದ್ದೆ ಅಂತ ಗೊತ್ತಾಗಿದ್ದು ಮಂಗಳವಾರ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ ಕಣಯ್ಯ.’

ಜೇಬಿನಿಂದ ಪೆನ್ನು ತೆಗೆದು ಆ ಕಾಲಂನಲ್ಲಿ ನಿಧಾನಕ್ಕೆ ‘ದತ್ತಾತ್ರಿ’ ಎಂದು ಬರೆದರು. ‘ನಾಳೆ ಕಮಿಟಿ ಮುಂದೆ ಈ ಪುಸ್ತಕಾನೇ ಇಡ್ತೀನಿ. ನಿನ್ನ ಸಾಲು, ನನ್ನ ಸಾಲು, ಎರಡೂ ಓದ್ಲಿ. ಇಂಥೋನನ್ನ ಬಿಟ್ಟು ಹೊರಗಿನೋರನ್ನ ಹುಡುಕ್ತೀರಾ ಅಂತ ನಾನೇ ಕೇಳ್ತೀನಿ.’

ಷಣ್ಮುಖಪ್ಪನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ಏನೇನೋ ಹೇಳಬೇಕೆಂದು ಬಂದಿದ್ದ, ಆ ಭಾಷಣದ ಒಂದು ಮಾತೂ ನೆನಪಾಗಲಿಲ್ಲ. ಪುಸ್ತಕ ತೆಗೆದುಕೊಳ್ಳಲು ಬಗ್ಗಿದವನ ಕಣ್ಣು ಮಾತ್ರ ಹಳೆಯ ಅಭ್ಯಾಸಕ್ಕೆ ಆ ಸಾಲಿನ ಮೇಲೆ ಕೊನೆಯವರೆಗೆ ಓಡಿತು. ಅವನು ಪುಸ್ತಕವನ್ನು ಮತ್ತೆ ಅವರ ಕಡೆಗೇ ತಳ್ಳಿದ.

‘ಬರೆದ ತಾರೀಖೂ ಹಾಕ್ಬಿಡಿ ಸಾರ್.’

ದತ್ತಾತ್ರಿ ತಾರೀಖು ಹಾಕಿದರು.